ಬಂದರಿಗೆ ಬಂದ ಲಾರಿ

ಎದುರಿಗೆ ಸಿಕ್ಕರೆ ಪೇಂಟರ್ ಸಾಹೇಬರು, ಬೆನ್ನು ತಿರುಗಿಸಿದರೆ ಮಡ್‌ಗಾರ್ಡು. ಆ ಬೀದಿಯಲ್ಲಿ ಅವರಿಗೆ ಎರಡೇ ಹೆಸರು. ಹೊಟ್ಟೆಪಾಡಿಗೆ ಗಾಡಿಗಳ ನಂಬರ್ ಪ್ಲೇಟ್ ಬರೆಯುತ್ತಿದ್ದರು. ಹುಚ್ಚು ಮಾತ್ರ ಬೇರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಲಾರಿ, ಜೀಪು, ಆಂಬುಲೆನ್ಸುಗಳ ಮೈಮೇಲೆ ಏನೇನು ಬರೆದಿತ್ತು, ಯಾವ ಬಣ್ಣದಲ್ಲಿ, ಯಾವ ಮೂಲೆಯಲ್ಲಿ ಎಂದು ಪತ್ತೆ ಹಚ್ಚುವ ಹುಚ್ಚು. ಒಂದು ಮಡ್‌ಗಾರ್ಡಿನ ಮೇಲೆ ದಳದ ಗುರುತು, ಇನ್ನೊಂದರ ಮೇಲೆ ತುಕಡಿಯ ಬಣ್ಣದ ಚೌಕ, ಮುಂದುಗಡೆ ಹಳದಿ ಬಿಲ್ಲೆಯಲ್ಲಿ ಸೇತುವೆ ದಾಟಲು ಗಾಡಿಯ ಭಾರದ ಅಂಕಿ, ಬಾನೆಟ್ಟಿನ ಪಕ್ಕಕ್ಕೆ ಗಾಡಿಯ ನಂಬರು. ಲಾರಿಯಾದರೆ ನಂಬರಿನ ಮುಂದೆ ಎಲ್, ಆಂಬುಲೆನ್ಸಾದರೆ ಎ. ಇದನ್ನೆಲ್ಲ ತಿಳಿದು ಯಾರಿಗೆ ಏನಾಗಬೇಕು ಅಂತ ಕೇಳಬೇಡಿ. ಅಂಗೈಯಗಲದ ಪ್ಲಾಸ್ಟಿಕ್ ಲಾರಿ ಜೋಡಿಸಿ ಬಣ್ಣ ಬಳಿಯುವ ಜನ ಊರೂರಲ್ಲಿದ್ದಾರೆ. ಮಕ್ಕಳಲ್ಲ, ಕನ್ನಡಕ ಹಾಕಿದ ದೊಡ್ಡವರೇ. ಚೌಕ ಒಂದು ಕೂದಲೆಳೆ ಆಚೀಚೆಯಾದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಅವರೆಲ್ಲ ಕೇಳುತ್ತಿದ್ದದ್ದು ನಮ್ಮ ಪೇಂಟರನ್ನು.

ಅಂಗಡಿ ಎಂದರೆ ಉದ್ದಕ್ಕೆ ಒಂದೇ ಕೋಣೆ. ಮುಂದೆ ಬಣ್ಣದ ಡಬ್ಬಿಗಳು, ಟರ್ಪೆಂಟೈನ್ ವಾಸನೆ, ಒಣಗಲು ಒರಗಿಸಿಟ್ಟ ಪ್ಲೇಟುಗಳು. ಪರದೆಯ ಹಿಂದೆ ಹಳೇ ಫೋಟೋ ತುಂಬಿದ ನಲವತ್ತೆರಡು ರಟ್ಟಿನ ಪೆಟ್ಟಿಗೆ. ಆ ಪೆಟ್ಟಿಗೆಗಳನ್ನು ಹೆಂಡತಿ 'ನನ್ನ ಸವತಿಯರು' ಅನ್ನುತ್ತಿದ್ದಳು. ಸವತಿಯರ ಧೂಳು ಹೊಡೆಯುತ್ತಿದ್ದವಳೂ ಅವಳೇ.

ಹದಿನೈದು ವರ್ಷದ ಹಿಂದೆ ಆ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ಆಗಲೇ ಎಪ್ಪತ್ತರ ಹತ್ತಿರ. ಪೇಂಟರ್ ದಂಪತಿಗೆ ಅವರು ಅಂದಿನಿಂದ ಎಕ್ಸ್‌ಚೇಂಜ್ ಅಮ್ಮ. ಕೈಯಲ್ಲಿ ಅಪ್ಪನ ಒಂದು ಕಾಗದ ಹಿಡಿದಿದ್ದರು. ಅಪ್ಪ ಯುದ್ಧದಲ್ಲಿ ಲಾರಿ ಡ್ರೈವರು. ತನ್ನ ಲಾರಿಯ ನಂಬರನ್ನು ಹೆಮ್ಮೆಯಿಂದ ಹೆಂಡತಿಗೆ ಬರೆದು ತಿಳಿಸಿದ್ದ: ಎಲ್ ಅಕ್ಷರ, ಮುಂದೆ ಏಳು ಅಂಕಿ, ಅದರಲ್ಲಿ ನಾಲ್ಕರ ಅಂಕಿ ಮೂರು ಸಲ. ಅದಾದ ಮೇಲೆ ಸೈನ್ಯ ಹಿಮ್ಮೆಟ್ಟಿತು. ಲಾರಿಗಳನ್ನೆಲ್ಲ ಬಂದರಿಗೆ ತನ್ನಿ ಎಂದು ಹುಕುಂ ಆಯಿತು. ಈತ ಬರಲಿಲ್ಲ. ಲಾರಿಯನ್ನು ದಾರಿಯಲ್ಲೇ ಬಿಟ್ಟು ಓಡಿಹೋದ ಎಂದು ದಾಖಲೆಯಲ್ಲಿ ಬರೆದರು. ಮನೆಗೂ ಬರಲಿಲ್ಲ. ಮುಂದೆ ಪುರಸಭೆಯ ಅಂಗಳದಲ್ಲಿ ಕಲ್ಲು ನಿಲ್ಲಿಸಿ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದಾಗ ಈತನ ಹೆಸರನ್ನು ಬಿಟ್ಟರು. ಹೆಣ್ಣುಮಕ್ಕಳಿಬ್ಬರೂ ಓಡಿಹೋದವನ ಮಕ್ಕಳು ಅನ್ನಿಸಿಕೊಂಡೇ ದೊಡ್ಡವರಾದರು.

"ಅಕ್ಕ ಆಗ ಒಂಬತ್ತು ವರ್ಷದವಳು, ಅವಳಿಗೆ ಅಪ್ಪನ ನೆನಪಿದೆ. ನನಗೆ ಅದೂ ಇಲ್ಲ ತಮ್ಮಾ," ಅಂದಿದ್ದರು ಆಕೆ. "ಆ ಲಾರಿ ಏನಾಯ್ತು ಅಂತಾದ್ರೂ ಹುಡುಕ್ಕೊಡು."

ಪೇಂಟರ್ ಹುಡುಕಿದರು. ಪೆಟ್ಟಿಗೆಗಳನ್ನೆಲ್ಲ ತಲೆಕೆಳಗು ಮಾಡಿದರು. ಸಿಗಲಿಲ್ಲ. ಅದೇ ಹೊತ್ತಿಗೆ ಅವರು ಮಾಡೆಲ್ ಮಾಡುವವರಿಗಾಗಿ ತಮ್ಮ ಮೊದಲ ಹಾಳೆ ತಯಾರಿಸುತ್ತಿದ್ದರು. ನೀರಿನಲ್ಲಿ ನೆನೆಸಿದರೆ ಅಂಕಿಗಳು ಕಾಗದ ಬಿಟ್ಟು ಜಾರಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವಲ್ಲ, ಅಂಥ ಹಾಳೆ. ಅದಕ್ಕೆ ಮೂವತ್ತು ಲಾರಿ ನಂಬರು ಬೇಕಿತ್ತು, ಇಪ್ಪತ್ತೊಂಬತ್ತು ಸಿಕ್ಕಿದ್ದವು. ಪಾಪ, ಆ ಅಮ್ಮನಿಗೆ ಇಷ್ಟಾದರೂ ಆಗಲಿ ಎಂದು ಮೂವತ್ತನೆಯದಾಗಿ ಆಕೆಯ ಅಪ್ಪನ ನಂಬರನ್ನು ಕೈಯಾರೆ ಬರೆದು ಸೇರಿಸಿದರು. ಆಕೆಗೆ ಹೇಳಲೂ ಇಲ್ಲ. ಇನ್ನೂರು ಹಾಳೆ ಅಚ್ಚಾಗಿ ಎಲ್ಲೆಲ್ಲಿಗೋ ಹೋದವು. ಅವರೂ ಅದನ್ನು ಮರೆತರು.

ಐದು ವರ್ಷದ ಮೇಲೆ, ದೂರದ ಊರಿನ ಹಳೇ ಕಾಗದದ ವ್ಯಾಪಾರಿ ಕಳಿಸಿದ ಕಟ್ಟಿನಲ್ಲಿ ಒಂದು ಫೋಟೋ ಬಂತು. ಅಂಚು ಸುರುಟಿದ, ಕಂದು ತಿರುಗಿದ ಕಪ್ಪುಬಿಳುಪು ಚಿತ್ರ. ಬಂದರಿನ ಕಟ್ಟೆ, ಹಿಂದೆ ಮಸುಕಾದ ಹಡಗು, ಮುಂದೆ ಮೈಯೆಲ್ಲ ಕೆಸರಾದ ಒಂದು ಲಾರಿ. ಬಾನೆಟ್ಟಿನ ಪಕ್ಕಕ್ಕೆ ಎಕ್ಸ್‌ಚೇಂಜ್ ಅಮ್ಮ ಕೊಟ್ಟ ನಂಬರು! ಪೇಂಟರ್ ಕೂತಲ್ಲಿಂದ ಎದ್ದು ನಿಂತುಬಿಟ್ಟರು. ಲಾರಿ ಬಂದರಿಗೆ ಬಂದಿತ್ತು. ತಂದವನು ಡ್ರೈವರಲ್ಲದೆ ಮತ್ಯಾರು? ಅದೇ ದಿನ ಫೋಟೋದ ಪ್ರತಿಯ ಜೊತೆ ಆಕೆಗೆ ಕಾಗದ ಬರೆದರು: 'ನಿಮ್ಮ ತಂದೆ ಓಡಿಹೋಗಲಿಲ್ಲ.' ತಮ್ಮ ಪುಸ್ತಿಕೆಯಲ್ಲೂ ಎರಡು ಪುಟ ಬರೆದುಕೊಂಡರು. ಅದರಲ್ಲೊಂದು ಸಾಲು ಹೀಗಿತ್ತು: 'ಈ ನಂಬರ್ ಬರೆದವನು ಯಾರೋ ಪುಣ್ಯಾತ್ಮ. ಅವನ ನಾಲ್ಕನ್ನು ನೋಡಿ, ಕೈ ಅಂದರೆ ಅದು ಕೈ.'

ಆ ಕಾಗದ ಹಿಡಿದು ಅಕ್ಕತಂಗಿ ಹತ್ತು ವರ್ಷ ಪುರಸಭೆಗೆ ಅಲೆದರು. ಅಕ್ಕ ನಡುವೆಯೇ ತೀರಿಕೊಂಡರು, ತಂಗಿ ಬಿಡಲಿಲ್ಲ. ಕಡೆಗೂ ಸ್ಮಾರಕ ಸಮಿತಿ ಒಪ್ಪಿತು. ಫೋಟೋ ಅಸಲಿ ಎಂದು ಪೇಂಟರ್ ಒಂದು ಪತ್ರಕ್ಕೆ ಸಹಿ ಹಾಕಿ, ಫೋಟೋ ಜೊತೆಗಿಟ್ಟು ಸೋಮವಾರದೊಳಗೆ ಕಳಿಸಿದರೆ ಕಲ್ಲಿನಲ್ಲಿ ಹೆಸರು ಬರುತ್ತದೆ.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಪೇಂಟರ್ ಫೋಟೋ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಪೆನ್ನು ಎಲ್ಲಿ ಹಾಳಾಯಿತೋ ಎಂದು ಹುಡುಕುತ್ತಿದ್ದರು. ಅವಳು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸವತಿಯರ ಒಡವೆಗೆ ಕೈ ಹಾಕುವವಳಲ್ಲ ಅವಳು.

"ರೀ, ಈ ನಾಲ್ಕು ನಿಮ್ಮದು," ಅಂದಳು.

"ನನ್ನದು ಅಂದ್ರೆ?"

"ನೀವು ಬರೆಯೋ ನಾಲ್ಕು ಕಣ್ರೀ. ಅಡ್ಡಗೆರೆ ಎಳೆದು ಕೊನೇಲಿ ಸ್ವಲ್ಪ ಮೇಲಕ್ಕೆ ಎತ್ತೋದು. ನಮ್ಮ ಬಾಗಿಲ ಮೇಲೆ ಮನೆ ನಂಬರಲ್ಲಿರೋದು ಇದೇ ನಾಲ್ಕಲ್ವಾ?"

"ಹುಚ್ಚುಹುಚ್ಚಾಗಿ ಮಾತಾಡ್ಬೇಡ. ಆ ಲಾರಿಗೆ ನಂಬರ್ ಬರೆದಾಗ ನಾನು ಹುಟ್ಟೇ ಇರಲಿಲ್ಲ."

"ಅದನ್ನೇ ನಾನೂ ಹೇಳ್ತಿರೋದು."

ಪೇಂಟರ್ ನಕ್ಕರು. ನಗು ಅರ್ಧಕ್ಕೆ ನಿಂತಿತು. ದಿನಾ ತಮ್ಮ ಕೈಬರಹವನ್ನೇ ನೋಡುವವರಿಗೆ ಅದು ಕೈಬರಹ ಅನ್ನಿಸುವುದಿಲ್ಲ, ನಾಲ್ಕು ಅಂದರೆ ಹಾಗೇ ಇರಬೇಕು ಅನ್ನಿಸುತ್ತದೆ. ಅವರು ಪರದೆಯ ಹಿಂದೆ ಹೋಗಿ, ಮೊದಲ ಹಾಳೆಯ ಉಳಿದಿದ್ದ ಒಂದೇ ಪ್ರತಿಯನ್ನು ತಂದು ಭೂತಗನ್ನಡಿ ಹಿಡಿದರು. ಆ ಹಾಳೆ ಬರೆಯುವಾಗ ನಿಬ್ಬು ಕೆಟ್ಟು ಪ್ರತಿಯೊಂದು ನಾಲ್ಕರ ಬುಡದಲ್ಲೂ ಸಣ್ಣ ಕಚ್ಚು ಬಿದ್ದಿತ್ತು. ಸರಿಮಾಡಿ ಅಂದ ಹೆಂಡತಿಗೆ, ಅದನ್ನ ಯಾರು ನೋಡ್ತಾರೆ ಬಿಡು ಅಂದಿದ್ದರು. ಈಗ ಫೋಟೋದ ಮೇಲೆ ಗಾಜು ಸರಿಸಿದರು. ಅಲ್ಲಿನ ಮೂರೂ ನಾಲ್ಕುಗಳ ಬುಡದಲ್ಲಿ ಅದೇ ಕಚ್ಚು.

ಒಂದು ಕಂಡ ಮೇಲೆ ಎಲ್ಲವೂ ಕಾಣತೊಡಗಿತು. ಕಟ್ಟೆಯ ಮೇಲಿನ ಹಗ್ಗಕ್ಕೆ ಜುಂಗು ಎದ್ದಿತ್ತು, ಅದು ಹೊಲಿಗೆ ದಾರ. ಹಡಗು ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಚಿತ್ರ. ಅಲ್ಲಿದ್ದದ್ದು ಲಾರಿಯೇ ಅಲ್ಲ, ಅಂಗೈಯಗಲದ ಆಟಿಕೆ. ಯಾರೋ ಒಬ್ಬ ಮಾಡೆಲ್ ಹುಚ್ಚ ಇವರ ಹಾಳೆ ತಂದು, ಮೂವತ್ತರಲ್ಲಿ ಒಂದು ನಂಬರ್ ಆರಿಸಿ, ಲಾರಿ ಜೋಡಿಸಿ, ಹಳೇ ಕಾಗದದ ಮೇಲೆ ಫೋಟೋ ಅಚ್ಚು ಹಾಕಿ ಖುಷಿಪಟ್ಟಿದ್ದ. ಮೋಸ ಮಾಡುವ ಯೋಚನೆ ಅವನಿಗಿತ್ತೋ ಇಲ್ಲವೋ, ಮೋಸ ಹೋಗಲು ಇವರಂತೂ ತಯಾರಾಗಿ ಕೂತಿದ್ದರು. ನಂಬರು ಆಕೆಯ ಕಾಗದದಿಂದ ಇವರ ಹಾಳೆಗೆ ಬಂದು, ಹಾಳೆಯಿಂದ ಆಟಿಕೆಗೆ ಹೋಗಿ, ಆಟಿಕೆಯಿಂದ ಫೋಟೋಗೆ ಇಳಿದು, ಇವರ ಕೈಯಿಂದಲೇ ಮತ್ತೆ ಆಕೆಯ ಮನೆ ಸೇರಿತ್ತು. ಪುಣ್ಯಾತ್ಮ ಅಂತ ಹೊಗಳಿದ್ದೂ ತಮ್ಮನ್ನೇ!

ಪೇಂಟರ್ ನೆಲದ ಮೇಲೆ ಕುಸಿದು ಕೂತರು. ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿಯ ಫೋನು: "ಸಹಿ ಆಯ್ತಾ ಪೇಂಟರೇ? ಕಲ್ಲು ಕೆತ್ತೋರು ಕಾಯ್ತಿದ್ದಾರೆ."

"ಆಗತ್ತೆ, ಆಗತ್ತೆ," ಅಂದು ಇಟ್ಟುಬಿಟ್ಟರು.

"ಏನು ಆಗೋದು?" ಹೆಂಡತಿ ಕೇಳಿದಳು.

"ನಮ್ಮಿಬ್ಬರನ್ನ ಬಿಟ್ಟು ಇನ್ಯಾರಿಗೆ ಗೊತ್ತು ಹೇಳು? ಆ ಅಮ್ಮ ನೆಮ್ಮದಿಯಾಗಿದ್ದಾರೆ. ಒಂದು ಸಹಿ ಹಾಕಿಬಿಟ್ರೆ..."

"ಆಮೇಲೆ ಆ ಕಲ್ಲಿನ ಮುಂದೆ ಹಾದುಹೋಗೋಕೆ ಆಗತ್ತಾ ನಿಮಗೆ? ಸಮಿತಿಯವರ ಮಾತು ಬಿಡಿ. ಮೊದಲು ಹೋಗಿ ಅಮ್ಮನಿಗೆ ಹೇಳಿ."

ಎಕ್ಸ್‌ಚೇಂಜ್ ಅಮ್ಮನ ಮನೆ ಎರಡನೇ ಮಹಡಿಯಲ್ಲಿ. ಪೇಂಟರ್ ಅಲ್ಲಿಗೆ ಒಮ್ಮೆಯೂ ಹೋದವರಲ್ಲ, ಯಾವಾಗಲೂ ಆಕೆಯೇ ಅಂಗಡಿಗೆ ಬರುತ್ತಿದ್ದರು. ಬಾಗಿಲು ತೆಗೆದ ಆಕೆಯ ಮುಖ ಅರಳಿತು.

"ಬಾ ತಮ್ಮಾ, ಬಾ! ಸಹಿ ಹಾಕಿ ಆಯ್ತಾ?"

ಉತ್ತರ ಕೊಡಲು ಬಾಯಿ ತೆಗೆದ ಪೇಂಟರ್ ಎದುರಿನ ಗೋಡೆ ನೋಡಿ ನಿಂತಲ್ಲೇ ನಿಂತರು. ಬಾಗಿಲಗಲದ ಚೌಕಟ್ಟು. ಅದರೊಳಗೆ ಲಾರಿ ಇರಲಿಲ್ಲ, ನಂಬರೂ ಇರಲಿಲ್ಲ. ಲಾರಿಯ ಮುಂದಿನ ಗಾಜು ಮಾತ್ರ, ಅದರ ಹಿಂದೆ ಒಬ್ಬ ಮನುಷ್ಯ. ಒಂದು ಕಡೆಗೆ ಸ್ವಲ್ಪ ವಾಲಿದ ತಲೆ, ಭುಜ, ಸ್ಟಿಯರಿಂಗ್ ಮೇಲಿಟ್ಟ ಕೈ. ತಮ್ಮ ಫೋಟೋದಲ್ಲಿ ಒಬ್ಬ ಡ್ರೈವರ್ ಇದ್ದಾನೆ ಅನ್ನುವುದನ್ನು ಅವರು ಈ ಹತ್ತು ವರ್ಷದಲ್ಲಿ ಗಮನಿಸಿಯೇ ಇರಲಿಲ್ಲ. ನೂರು ಸಲ ಭೂತಗನ್ನಡಿ ಹಿಡಿದು ನೋಡಿದ್ದರು, ನೋಡಿದ್ದೆಲ್ಲ ಮಡ್‌ಗಾರ್ಡು ಮತ್ತು ಬಾನೆಟ್ಟು.

"ಇದು... ಏನಮ್ಮಾ ಇದು?"

"ಅಪ್ಪ," ಅಂದರು ಆಕೆ. "ನಮ್ಮಲ್ಲಿ ಅಪ್ಪಂದು ಒಂದು ಫೋಟೋನೂ ಇರಲಿಲ್ವಲ್ಲ. ನೀನು ಕಳಿಸಿದ್ದನ್ನ ನೋಡಿದ್ದೇ ತಡ, ಅಕ್ಕ ಅತ್ತುಬಿಟ್ಲು. ಒಳಗೆ ಕೂತಿರೋದು ಅಪ್ಪನೇ ಕಣೇ, ತಲೆ ಹೀಗೇ ವಾಲಿಸ್ತಿದ್ರು ಅಂದ್ಲು. ಸ್ಟುಡಿಯೋಗೆ ಕೊಟ್ಟು ಅಷ್ಟನ್ನೇ ದೊಡ್ಡದು ಮಾಡಿಸಿದ್ವಿ. ಬೆಳಗ್ಗೆ ಎದ್ದು ಇವರನ್ನ ಮಾತಾಡಿಸಿದ ಮೇಲೇ ನನಗೆ ಉಳಿದ ಕೆಲಸ."

ಪೇಂಟರ್ ನಂಬರಿನ ವಿಷಯ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದರು. ಇದಕ್ಕೆ ಅವರು ತಯಾರಿರಲಿಲ್ಲ. ಓಡಿಹೋಗಬೇಕು ಅನ್ನಿಸಿತು. ಆದರೂ ಹೇಳಿದರು. ಹಾಳೆಯಿಂದ ಶುರುಮಾಡಿ ಕಚ್ಚಿನವರೆಗೆ, ಒಂದನ್ನೂ ಬಚ್ಚಿಡದೆ. ಆಕೆ ನಡುವೆ ಬಾಯಿ ಹಾಕದೆ ಕೇಳಿದರು. ಜೀವಮಾನವಿಡೀ ಬೇರೆಯವರ ಮಾತು ಕೇಳಿಸಿಕೊಂಡವರು.

"ಲಾರಿ ಆಟಿಕೆ ಅಂದ್ರಿ. ಸರಿ," ಅಂದರು ಕೊನೆಗೆ. ತಮ್ಮಾ ಅನ್ನಲಿಲ್ಲ. "ಒಳಗಿರೋರು?"

"ಅದೂ... ಪ್ಲಾಸ್ಟಿಕ್ ಗೊಂಬೆ ಅಮ್ಮಾ. ಲಾರಿಯ ಪೆಟ್ಟಿಗೇಲೇ ಬರತ್ತೆ. ಹೆಬ್ಬೆರಳಿನಷ್ಟು ಇರತ್ತೆ."

"ಎಲ್ಲ ಪೆಟ್ಟಿಗೇಲೂ ಇದೇ ಗೊಂಬೆನಾ?"

"ಹೌದು."

"ತಲೆ ಹೀಗೇ ವಾಲಿರತ್ತಾ?"

"ಹೌದಮ್ಮಾ."

ಆಕೆ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಕೂತರು. ಬೀದಿಯಲ್ಲಿ ಯಾವುದೋ ಗಾಡಿ ಹಾರನ್ ಹೊಡೆಯುತ್ತಲೇ ಇತ್ತು.

"ಹಾಗಾದ್ರೆ ಅಪ್ಪ ಓಡಿಹೋಗಿದ್ದು ನಿಜ."

"ಹಾಗಲ್ಲಮ್ಮಾ. ಓಡಿಹೋಗಿದ್ದನ್ನ ಕಂಡವರು ಯಾರೂ ಇಲ್ಲ. ಲಾರಿ ತಂದಿದ್ದನ್ನ ಕಂಡವರೂ ಇಲ್ಲ. ಏನಾಯ್ತು ಅಂತ ಗೊತ್ತಿಲ್ಲ, ಅಷ್ಟೇ."

"ಇಷ್ಟನ್ನೇ ಅವತ್ತು ಹೇಳಿದ್ರೆ ಸಾಕಾಗ್ತಿತ್ತು. ಗೊತ್ತಿಲ್ಲ ಅನ್ನೋದು ನಮಗೆ ಅಭ್ಯಾಸ ಆಗಿತ್ತು." ಆಕೆಯ ದನಿ ಏರಲಿಲ್ಲ. "ಸಹಿ ಹಾಕಬೇಡಿ. ಗೊಂಬೆ ನಂಬಿಕೊಂಡು ನಮ್ಮಪ್ಪನ ಹೆಸರು ಕೆತ್ತೋದು ಬೇಡ."

"ತಪ್ಪಾಯ್ತಮ್ಮಾ. ಬೇಕಾದಷ್ಟು ಬೈಯಿರಿ. ಇದನ್ನ... ಇಳಿಸಿಬಿಡ್ಲಾ?" ಪೇಂಟರ್ ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟರು.

"ಮುಟ್ಟಬೇಡಿ!"

ಅವರು ಕೈ ಹಿಂದೆಗೆದುಕೊಂಡರು. ಆಕೆ ಚೌಕಟ್ಟನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದರು.

"ಕೊನೇ ದಿನ ಅಕ್ಕನ ಮಂಚ ಇಲ್ಲೇ ಹಾಕಿದ್ವಿ, ಇದು ಕಾಣೋ ಹಾಗೆ. ಅಪ್ಪ ಕರೀತಿದ್ದಾರೆ ಕಣೇ, ಹೋಗ್ತೀನಿ ಅಂದ್ಲು. ನಾನೇ ಹೂಂ ಹೋಗು ಅಂತ ಕಳಿಸಿಕೊಟ್ಟೆ. ಅವಳನ್ನ ಯಾರ ಹತ್ರ ಕಳಿಸಿದೆ ನಾನು, ಹೇಳಿ ಈಗ."