ಹಡಗಿನ ಮೇಲೊಂದು ಜಗಲಿ

ಭಾವನವರ ಶುಂಠಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷವೇ ನಾನು ಕೆಲಸದಿಂದ ನಿವೃತ್ತಳಾದೆ. ಈ ಎರಡೂ ಒಟ್ಟಿಗೆ ಆಗದೇ ಹೋಗಿದ್ದರೆ ನಾನೂ ನನ್ನ ವಾರಗಿತ್ತಿಯೂ ಹಡಗು ಹತ್ತುತ್ತಿರಲಿಲ್ಲ.

ವಾರಗಿತ್ತಿ ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಹೊಳೆನರಸೀಪುರದ ಮನೆಗೆ ಬಂದಾಗಿನಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ. ಹತ್ತು ವರ್ಷಕ್ಕೂ ಮೇಲೆ ನಾವಿಬ್ಬರೂ ಒಂದೇ ಒಲೆಯ ಮುಂದೆ ಬೇಯಿಸಿದವರು. ಅತ್ತೆ ಮಾವ ಹೋದ ಮೇಲೆ ಭಾವ ಮತ್ತು ಅಕ್ಕ ಅರಕಲಗೂಡಿನ ಹತ್ತಿರದ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಹೋದರು. ತಾಲ್ಲೂಕು ಕಚೇರಿಯಲ್ಲಿ ನನಗೆ ಕೆಲಸವಿದ್ದುದರಿಂದ ನಾವು ಊರಿನಲ್ಲೇ ಉಳಿದೆವು. ಬೇರೆಯಾದ ಮೇಲೆ ನಮ್ಮ ಸ್ನೇಹ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಅವರೆಕಾಯಿಯ ಕಾಲ ಬಂತೆಂದರೆ ಅರಕಲಗೂಡಿನ ಬಸ್ಸಿನ ಕಂಡಕ್ಟರು ನನ್ನ ಹೆಸರು ಕೂಗಿ ಚೀಲ ಇಳಿಸುತ್ತಿದ್ದ.

ಹಡಗಿನ ಮಾತು ಬಂದದ್ದು ಹಾಸನದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಎದುರು ಸಾಲಿನಲ್ಲಿ ಕೂತಿದ್ದ ಯಾರೋ ತಾವು ಹಡಗಿನಲ್ಲಿ ಹೋಗಿ ಬಂದದ್ದನ್ನು ಹೇಳುತ್ತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಅಕ್ಕ ನನ್ನ ಕಡೆ ತಿರುಗಿ, "ನಾವೂ ಓಗಾನ?" ಅಂದಳು.

"ಸಮುದ್ರ ನೋಡಿದ್ದೀವಲ್ಲಕ್ಕ, ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿಗೂ ಹೋಗಿ."

"ದಡದಲ್ಲಿ ನಿಂತು ನೋಡಿದ್ದು ಒಂದು ನೋಡಿದ್ದಾ? ಬದಿನ ಮೇಲೆ ನಿಂತ್ಕಂಡು ಬೆಳೆ ನೋಡ್ದಂಗೆ ಅದು. ಒಳಕ್ಕಿಳೀಬೇಕು ಕಣೆ."

ಗಂಡಸರು ಬರಲಿಲ್ಲ. ನಮ್ಮ ಮನೆಯವರಿಗೆ ಹೇಮಾವತಿಯಲ್ಲಿ ತೆಪ್ಪ ಹತ್ತಿದರೂ ತಲೆ ಸುತ್ತುತ್ತದೆ. ಭಾವ, "ಹಸ ಕರಿಯೋರು ಯಾರು?" ಎಂದು ಕೇಳಿ ಅಲ್ಲಿಗೇ ಮುಗಿಸಿದರು. ನಾವಿಬ್ಬರೇ ಹೊರಡುವುದೆಂದಾಯಿತು. ಹಾಸನದಲ್ಲಿ ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಅಂಗಡಿಯೊಂದಕ್ಕೆ ಹೋಗಿ, ಮುಂಬೈನಿಂದ ಹೊರಟು ಸಮುದ್ರದಲ್ಲಿ ಕೆಲವು ದಿನ ತಿರುಗಿ ಮತ್ತೆ ಮುಂಬೈಗೇ ಬರುವ ಹಡಗಿನಲ್ಲಿ ಎಲ್ಲಕ್ಕಿಂತ ಅಗ್ಗದ ಕೋಣೆ ಹಿಡಿಸಿದೆವು. ಅದಕ್ಕೆ ಕಿಟಕಿ ಇಲ್ಲವೆಂದು ಅಂಗಡಿಯವನು ಮೊದಲೇ ಹೇಳಿದ್ದ. ನಾವು ಹೂಂ ಅಂದಿದ್ದೆವು.

ಹೊರಡುವುದಕ್ಕೆ ಇನ್ನೇನು ಎರಡು ವಾರವಿದೆ ಅನ್ನುವಾಗ ಅವನ ಫೋನು ಬಂತು. "ಮೇಡಂ, ಹಡಗಲ್ಲಿ ಬಾಲ್ಕನಿ ರೂಮು ಒಂದಷ್ಟು ಖಾಲಿ ಉಳಿದಿದಾವಂತೆ. ಮೇಲೆ ಸ್ವಲ್ಪ ಕೊಟ್ರೆ ಬದಲಾಯಿಸ್ಕೊಡ್ತಾರೆ. ನಾಡಿದ್ದು ಸಂಜೆಯೊಳಗೆ ಹೇಳ್ಬಿಡಿ." ಆ ಸ್ವಲ್ಪ ಎಷ್ಟೆಂದು ಕೇಳಿ ನಾನು ಕುರ್ಚಿ ಎಳೆದುಕೊಂಡು ಕೂತೆ.

ಅಕ್ಕನಿಗೆ ಹೇಳಿದಾಗ ಅವಳು ಆ ದುಡ್ಡನ್ನು ತನ್ನ ಲೆಕ್ಕಕ್ಕೆ ತಿರುಗಿಸಿಕೊಂಡಳು. "ಅಷ್ಟಕ್ಕೆ ಒಂದು ಒಳ್ಳೆ ಕರ ಬತ್ತದೆ. ಮಲಗಕ್ಕೆ ಕಿಟಕಿ ಯಾಕೆ? ಕಣ್ಣು ಮುಚ್ಕಂಡ್ರೆ ಎಲ್ಲಾ ಒಂದೇಯ."

ನನಗೆ ಮಾತ್ರ ಆಸೆ ಹುಟ್ಟಿಬಿಟ್ಟಿತ್ತು. ಆಸೆಗೆ ಬೆಂಬಲ ಬೇಕಾಗಿ ಮಾರನೆಯ ಬೆಳಿಗ್ಗೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ನನ್ನ ಕಾಲೇಜಿನ ದಿನಗಳ ಗೆಳತಿಯೊಬ್ಬಳಿದ್ದಾಳೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಮಗಳ ಸಂಸಾರದ ಜೊತೆ ಹಡಗಿನಲ್ಲಿ ಹೋಗಿ ಬಂದವಳು. ಅವಳು ಬಾಲ್ಕನಿಯೇ ಸರಿ ಅನ್ನುತ್ತಾಳೆಂದು ನನಗೆ ಖಾತ್ರಿಯಿತ್ತು.

ಅವಳು ಚಿತ್ರಾನ್ನ ಬಡಿಸುತ್ತ ನನ್ನ ನಂಬಿಕೆಯನ್ನು ಒಂದೊಂದಾಗಿ ಕಳೆದಳು. ಊಟ ಎಲ್ಲರಿಗೂ ಒಂದೇ. ಹಡಗಿನ ಮೇಲಿನ ಬಯಲು ತಾರಸಿ, ಸಂಜೆಯ ಹಾಡು ಕುಣಿತ ಎಲ್ಲರಿಗೂ ಒಂದೇ. ಒಳಗಿನ ಕೋಣೆಗಳು ಹಡಗಿನ ನಡುಮಧ್ಯ ಇರುವುದರಿಂದ ಓಲಾಟವೂ ಕಡಿಮೆ. "ರೂಮು ಅನ್ನೋದು ಸೀರೆ ಬದಲಾಯಿಸೋಕೆ ಅಷ್ಟೆ. ನಾವು ರೂಮಲ್ಲಿ ಇದ್ದದ್ದೇ ಇಲ್ಲ. ಬಾಲ್ಕನಿಯಲ್ಲಿ ಮಧ್ಯಾಹ್ನ ಬಿಸಿಲು, ಆಮೇಲೆ ಗಾಳಿ. ಕೂದಲೆಲ್ಲ ಉಪ್ಪುಪ್ಪು. ಅದು ಹೊಸದಾಗಿ ಮದುವೆಯಾದೋರಿಗೆ ಕಣೆ, ನಿಮಗ್ಯಾಕೆ?"

"ಕಿಟಕಿ ಇಲ್ಲದ್ದು ನಿನಗೆ ಏನೂ ಅನ್ನಿಸಲಿಲ್ವಾ?"

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. "ಒಂದಿನ ಬೆಳಗಾಗಿದ್ದು ಗೊತ್ತಾಗ್ದೆ ಮಲಗ್ಬಿಟ್ಟಿದ್ದೆ. ಎದ್ದು ಹೋಗೋಷ್ಟರಲ್ಲಿ ತಿಂಡಿ ಮುಗಿದು ಊಟಕ್ಕೆ ತಟ್ಟೆ ಜೋಡಿಸ್ತಿದ್ರು. ಅದು ಬಿಟ್ರೆ ಏನಿಲ್ಲ."

ಗಣಿತದವಳ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ತೆಂಗಿನ ತೋಟಗಳನ್ನು ನೋಡುತ್ತ, ಅಕ್ಕ ಹೇಳಿದ್ದೇ ಸರಿ, ಬೇಡವೆಂದು ಹೇಳಿಬಿಡೋಣ ಎಂದುಕೊಂಡೆ. ಆದರೂ ಅಂಗಡಿಯವನಿಗೆ ಕೂಡಲೇ ಫೋನು ಮಾಡಲಿಲ್ಲ. ಮಾರನೆಯ ದಿನ ಅಕ್ಕನ ಮುಂದೆ ಕೂತೇ ಹೇಳಿದರಾಯಿತೆಂದು ಅರಕಲಗೂಡಿಗೆ ಹೋದೆ.

ನಾನು ಹೋಗಿ ನೋಡುವಾಗ ಅಕ್ಕ ಮನೆಯ ಮುಂದಿನ ಅಂಗಳದಲ್ಲಿ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ರಂಗೋಲಿ ಪುಡಿಯ ಬಟ್ಟಲು ಹಿಡಿದು ನಿಂತಿದ್ದಳು. ಸಾರಿಸಿದ ನೆಲದ ಮೇಲೆ ಉದ್ದಕ್ಕೊಂದು ಗೆರೆ ಎಳೆದಿತ್ತು. ಬೇಡ ಅಂದವಳೇ, ರಾತ್ರಿಯೆಲ್ಲ ಯೋಚನೆ ಮಾಡಿ, ಬೆಳಿಗ್ಗೆ ಅಂಗಡಿಯವನಿಗೆ ತಾನೇ ಫೋನು ಮಾಡಿ ಕೋಣೆಯ ಅಳತೆ ಕೇಳಿದ್ದಳು.

"ಬಾ, ಆ ಕಡೆ ದಾರ ಇಡ್ಕೊ" ಅಂದಳು. "ಕಣ್ಣಲ್ಲಿ ನೋಡ್ದೆ ಯಾವ ಯಾಪಾರನೂ ಮಾಡ್ಬಾರ್ದು."

ಇಬ್ಬರೂ ಸೇರಿ ಹಡಗಿನ ಕೋಣೆಯನ್ನು ಅಂಗಳದಲ್ಲಿ ಬರೆದೆವು. ಇಲ್ಲಿ ಬಾಗಿಲು, ಇದು ಬಚ್ಚಲು, ಇವೆರಡು ಮಂಚ, ಇಲ್ಲೊಂದು ಬೀರು. ಮಂಚದ ಜಾಗದಲ್ಲಿ ಅಕ್ಕ ಚಾಪೆ ಹಾಸಿ ಮಲಗಿಯೂ ನೋಡಿದಳು. ಗೊಬ್ಬರದ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ತೋಟದವರು ನಿಲ್ಲಿಸಿ, "ಏನವ್ವ, ಹೊಸದಾಗಿ ಕೊಟ್ಗೆ ಕಟ್ಟಿಸ್ತೀರಾ?" ಎಂದು ಕೇಳಿದರು.

"ಊಂ, ಎರಡು ಮುದಿ ಹಸ ಅವೆ" ಎಂದು ಅಕ್ಕ ಮಲಗಿದ ಕಡೆಯಿಂದಲೇ ಹೇಳಿದಳು.

ಆಮೇಲೆ ಕೋಣೆಯ ಒಂದು ತುದಿಗೆ ಬಾಲ್ಕನಿ ಸೇರಿಸಿದೆವು. ಅದರ ಅಳತೆ ನೋಡಿದರೆ ಬೇಜಾರಾಗುವಂತಿತ್ತು. ಎರಡು ಕುರ್ಚಿ ಹಾಕಿದರೆ ಕಾಲು ಚಾಚಲು ಒಂಚೂರು ಜಾಗ ಉಳಿಯುತ್ತಿತ್ತು, ಅಷ್ಟೆ. "ಇಷ್ಟಕ್ಕೆ ಒಂದು ಕರನಾ?" ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. ಆದರೂ ಕೂತು ನೋಡದೆ ತೀರ್ಮಾನ ಮಾಡಬಾರದೆಂದು ಒಳಗಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಕಾಫಿ ಮಾಡಿ ತಂದಳು. ನಾವು ರಸ್ತೆಯ ಕಡೆ ಮುಖ ಮಾಡಿ ಕೂತೆವು.

ಮೊದಲು ಹಡಗಿನ ಮಾತು. ಅಲ್ಲಿಂದ ಮದುವೆಯ ಊಟದ ಮಾತು. ಆ ಹೋಳಿಗೆಯ ಹೂರಣ ಗಟ್ಟಿಯಾಗಿದ್ದದ್ದು, ನಮ್ಮತ್ತೆ ಹೂರಣ ಕಟ್ಟುತ್ತಿದ್ದ ರೀತಿ, ಒಮ್ಮೆ ಬೆಕ್ಕು ಹೂರಣದ ಪಾತ್ರೆಗೆ ಬಾಯಿ ಹಾಕಿದ್ದನ್ನು ನಾವಿಬ್ಬರೂ ಅತ್ತೆಗೆ ಹೇಳದೆ ಮೇಲಿನ ಪದರ ತೆಗೆದು ಬಿಸಾಡಿದ್ದು. ನಕ್ಕು ನಕ್ಕು ಅಕ್ಕನ ಕಾಫಿ ಚೆಲ್ಲಿತು. ತಂಬಾಕಿನ ಹೊಲದ ಕಡೆಯಿಂದ ಗಾಳಿ ಬರುತ್ತಿತ್ತು. ಭಾವ ಊಟಕ್ಕೆಂದು ತೋಟದಿಂದ ಬಂದು ಎದುರು ನಿಂತಾಗಲೇ ನಮಗೆ ಹೊತ್ತು ಏರಿದ್ದು ತಿಳಿದದ್ದು. ಒಲೆಯ ಮೇಲೆ ಏನೂ ಇರಲಿಲ್ಲ.

"ಏನಿದು, ಇಬ್ರೂ ಇಲ್ಲಿ ಕೂತ್ಬುಟ್ಟಿದ್ದೀರಿ?" ಅಂದರು ಭಾವ.

ಅಕ್ಕ ಏಳಲಿಲ್ಲ. ಗಂಡನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅಲ್ಲ ಕಣೆ, ಒಳೆನರಸೀಪುರದ ಮನೆ ಜಗಲಿ ಮೇಲೆ ನಾವಿಬ್ರೂ ಯಾವತ್ತಾದ್ರೂ ಕೂತಿದ್ದೀವಾ?"

ನಾನು ನೆನೆಸಿಕೊಂಡೆ. ಆ ಜಗಲಿ ಉದ್ದವಾಗಿ, ಕಡಪದ ಕಲ್ಲು ಹಾಸಿ ತಣ್ಣಗಿತ್ತು. ಮಾವ ಕೂರುತ್ತಿದ್ದರು, ಅವರ ಸ್ನೇಹಿತರು ಕೂರುತ್ತಿದ್ದರು. ಸಂಜೆ ಅತ್ತೆ ಕೂರುತ್ತಿದ್ದರು. ಸೊಸೆಯರು ಬೆಳಿಗ್ಗೆ ಅದನ್ನು ತೊಳೆಯುತ್ತಿದ್ದೆವು, ಬಂದವರಿಗೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದೆವು. ಕೂರಬೇಡಿ ಎಂದು ಯಾರೂ ಹೇಳಿದವರಲ್ಲ. ನಮಗೂ ಕೂರಬೇಕೆಂದು ಹೊಳೆದಿರಲಿಲ್ಲ. ನಮ್ಮ ಮಾತೆಲ್ಲ ಒಲೆಯ ಮುಂದೆ, ಒಬ್ಬಳು ರೊಟ್ಟಿ ತಟ್ಟುತ್ತ ಇನ್ನೊಬ್ಬಳು ಕಾಯಿ ತುರಿಯುತ್ತ ಆಡಿದ್ದು.

"ಇಲ್ಲಕ್ಕ" ಅಂದೆ.

"ಮಾಡು ಫೋನು" ಅಂದಳು ಅಕ್ಕ. "ಕರ ಮುಂದಿನ ವರ್ಷ ತಂದ್ರಾಯ್ತು."

ನಾನು ಅಲ್ಲೇ ಕೂತು ಹಾಸನಕ್ಕೆ ಫೋನು ಮಾಡಿ ಬಾಲ್ಕನಿ ಬೇಕೆಂದು ಹೇಳಿದೆ. ಭಾವ ರಂಗೋಲಿಯ ಗೆರೆ ತುಳಿಯದೆ ಸುತ್ತು ಹಾಕಿಕೊಂಡು ಒಳಗೆ ಹೋಗಿ ತಾವೇ ಅವಲಕ್ಕಿ ನೆನೆಸಿದರು.

ಅರಸೀಕೆರೆಯಲ್ಲಿ ರೈಲು ಹತ್ತಿ ಮುಂಬೈಗೆ ಹೋದೆವು. ಹಡಗಿನ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವಾಗ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದರು. ಅಕ್ಕ ಒಂದು ಡಬ್ಬಿ ತುಂಬ ಕೋಡುಬಳೆ ತಂದಿದ್ದಳು. ಬಿಸಾಡುವುದು ಅವಳ ಜಾಯಮಾನದಲ್ಲಿಲ್ಲ. ಪಕ್ಕಕ್ಕೆ ಸರಿದು ನಿಂತು, ಸಾಲಿನಲ್ಲಿದ್ದ ಗುಜರಾತಿ ಹೆಂಗಸರಿಗೆಲ್ಲ ಒಂದೊಂದು ಹಂಚಿ, ಖಾಲಿ ಡಬ್ಬಿ ತೋರಿಸಿಯೇ ಒಳಗೆ ಬಂದಳು. ಆ ಹೆಂಗಸರು ಇಳಿಯುವ ತನಕ ಅವಳನ್ನು ಕಂಡಲ್ಲೆಲ್ಲ ಕೈ ಮುಗಿಯುತ್ತಿದ್ದರು.

ಕೋಣೆಯ ಬಾಗಿಲು ತೆಗೆದು, ಪರದೆ ಸರಿಸಿ, ಗಾಜಿನ ಬಾಗಿಲು ಎಳೆದೆವು. ಬಾಲ್ಕನಿಯ ಮುಂದೆ, ಬಲಗಡೆಯ ಅರ್ಧಕ್ಕೆ ಅಡ್ಡವಾಗಿ, ಒಂದು ದೊಡ್ಡ ಕಿತ್ತಳೆ ಬಣ್ಣದ ದೋಣಿ ನೇತಾಡುತ್ತಿತ್ತು. ಅಪಾಯದ ಕಾಲಕ್ಕೆಂದು ಹಡಗಿನವರು ಕಟ್ಟಿರುವ ದೋಣಿ. ನಮ್ಮ ಪಾಲಿನ ಸಮುದ್ರದಲ್ಲಿ ಅರ್ಧವನ್ನು ಅದೇ ನುಂಗಿತ್ತು.

ನನಗೆ ಅಳುವೇ ಬಂತು. ಇಷ್ಟು ದುಡ್ಡು ಕೊಟ್ಟು ಬಂದದ್ದು ದೋಣಿಯ ಹೊಟ್ಟೆ ನೋಡಲಿಕ್ಕೇ? ಕೆಳಗೆ ಹೋಗಿ ಕೇಳುತ್ತೇನೆಂದು ಹೊರಟೆ. ಅಕ್ಕ ನನ್ನ ತೋಳು ಹಿಡಿದಳು.

"ನಿಂತ್ಕೊ. ಆ ದೋಣಿ ಯಾರಿಗೆ?"

"ಹಡಗು ಮುಳುಗಿದ್ರೆ ಜನ ಹತ್ತೋಕೆ."

"ಅಂಗಾದ್ರೆ ಎಲ್ರಿಗಿಂತ ಮುಂಚೆ ನಾವೇ ಅಲ್ವಾ? ಇಲ್ಲಿಂದ ಕಾಲು ಎತ್ತಿಟ್ರೆ ಆಯ್ತು." ಅಷ್ಟು ಹೇಳಿ ಅವಳು ಎಡಗಡೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾನು ದೋಣಿಯ ಎದುರು ಕೂತು ಕಾಲು ಚಾಚಿದಳು. "ಅರ್ಧ ಸಮುದ್ರ ಸಾಕು ಕಣೆ. ಪೂರ್ತಿ ತಗಂಡು ಏನ್ ಮಾಡ್ತೀಯ?"

ಹಡಗು ಹೊರಟಾಗ ನನ್ನ ಕೋಪ ದಡದ ಕಟ್ಟಡಗಳ ಜೊತೆಗೇ ಚಿಕ್ಕದಾಗುತ್ತ ಹೋಯಿತು. ನೀರು ಮೊದಲು ಮಣ್ಣಿನ ಬಣ್ಣದ್ದು, ಆಮೇಲೆ ಹಸಿರು, ಆಮೇಲೆ ಎಷ್ಟು ಹೊತ್ತು ನೋಡಿದರೂ ಮುಗಿಯದ ನೀಲಿ. ಗೆಳತಿ ಹೇಳಿದ್ದ ಗಾಳಿ, ಬಿಸಿಲು, ಉಪ್ಪು ಎಲ್ಲವೂ ನಿಜವಾಗಿದ್ದವು. ಮಧ್ಯಾಹ್ನ ಅಲ್ಲಿ ಕೂರಲಾಗುತ್ತಿರಲಿಲ್ಲ. ನಾವೂ ಎಲ್ಲರಂತೆ ಮೇಲೆ ಹೋಗಿ ಸುತ್ತಿದೆವು, ಹಾಡು ಕೇಳಿದೆವು. ಎರಡನೆಯ ದಿನ ಅಕ್ಕ ಸೀರೆ ಹಿಂಡಿ ಬಾಲ್ಕನಿಯ ಕಂಬಿಯ ಮೇಲೆ ಹರವಿದ್ದಳು. ಹಡಗಿನ ಹೆಣ್ಣುಮಗಳೊಬ್ಬಳು ಬಂದು ಬಹಳ ವಿನಯದಿಂದ ಅದನ್ನು ಒಳಗೆ ತೆಗೆಸಿದಳು. ಆದರೆ ಬೆಳಗಿನ ಹೊತ್ತು, ಮತ್ತೆ ಬಿಸಿಲಿಳಿದ ಮೇಲೆ, ಆ ಎರಡು ಕುರ್ಚಿಗಳು ನಮ್ಮವು.

ಅಂಥದೊಂದು ಬೆಳಿಗ್ಗೆ ನಾನು ನನ್ನ ಕೆಲಸದ ಮಾತು ತೆಗೆದೆ. ಮದುವೆಯಾದ ವರ್ಷವೇ ನನಗೆ ತಾಲ್ಲೂಕು ಕಚೇರಿಯ ಆರ್ಡರ್ ಬಂದಿತ್ತು. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಮನೆಯಲ್ಲಿ ಒಂದು ವಾರ ಬಿಗುವು. ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಅವರೇ ನನ್ನನ್ನು ಕರೆದು, "ಓಗವ್ವ, ಒಳ್ಳೇದಾಗ್ಲಿ" ಅಂದಿದ್ದರು.

"ನಮ್ಮ ಮನೆಯವರು ಅವತ್ತು ಅವರಮ್ಮನಿಗೆ ಏನು ಹೇಳಿ ಒಪ್ಪಿಸಿದರೋ" ಅಂದೆ. "ಅದಕ್ಕೇ ಅವರು ಏನು ರೇಗಿದರೂ ನಾನು ಸುಮ್ಮನಿರ್ತೀನಿ ಅಕ್ಕ."

ಅಕ್ಕ ಸಮುದ್ರ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. "ಅವನಾ? ಅವನು ಆ ವಾರವೆಲ್ಲ ಅವರಮ್ಮನ ಎದುರಿಗೇ ಬರ್ನಿಲ್ಲ."

"ಮತ್ತೆ?"

"ನಾನೇ ಹೇಳ್ದೆ. ಅಡುಗೆಮನೆ ಕೆಲಸ ಇಬ್ರದ್ದೂ ನಾನೊಬ್ಳೇ ಮಾಡ್ತೀನಿ ಅತ್ತೆ, ಅವಳು ಓದ್ಕಂಡಿರೋಳು, ಕಳಿಸಿ ಅಂದೆ. ಊಂ ಅಂದ್ರು."

ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ನಾನು ಕಣ್ಣೊರೆಸಿಕೊಳ್ಳುತ್ತ, ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಯಾವಾಗ ಹೇಳ್ಲಿ? ಬೆಳಿಗ್ಗೆ ನೀನು ಆಫೀಸಿಗೆ ಓಡ್ತಿದ್ದೆ. ಸಂಜೆ ಒಲೆ ಮುಂದೆ ಅತ್ತೆ ಪಕ್ಕದಲ್ಲೇ ಇರೋರು. ಇಂಗೆ ಕೂತಿದ್ದು ಯಾವತ್ತು?" ಅಂದು ಅವಳು ನನ್ನ ಕೈ ಮೇಲೆ ಒಂದು ಏಟು ಹಾಕಿದಳು. "ಅಳಬ್ಯಾಡ. ನಾನೇನು ಸುಮ್ನೆ ಮಾಡಿಲ್ಲ. ಸಂಬಳ ಬಂದಾಗ ನಂಗೆ ಮೈಸೂರ್ ಪಾಕು ತರ್ತಿದ್ದೆಯಲ್ಲ."

ನಾನು ಅಳುತ್ತಲೇ ನಕ್ಕೆ. ಆಮೇಲೆ ಇಬ್ಬರೂ ನಕ್ಕೆವು. ಪಕ್ಕದ ಬಾಲ್ಕನಿಯಿಂದ ಯಾರೋ ಇಣುಕಿ ನೋಡಿದರು.

ವಾಪಸ್ಸು ಬಂದು ಅರಸೀಕೆರೆಯಲ್ಲಿ ಇಳಿದಾಗ ನಮ್ಮನ್ನು ಕರೆದುಕೊಂಡು ಹೋಗಲು ಗಂಡಸರಿಬ್ಬರೂ ಕಾರು ತಂದಿದ್ದರು. ಭಾವ ಓಡಿಸುತ್ತಿದ್ದರು. ಊರು ದಾಟಿದ ಮೇಲೆ ನಾನು ಹಿಂದಿನ ಸೀಟಿನಿಂದ ನಮ್ಮ ಮನೆಯವರನ್ನು ಕೇಳಿದೆ: "ನನ್ನ ಕೆಲಸಕ್ಕೆ ಅತ್ತೆಯನ್ನ ಒಪ್ಪಿಸಿದ್ದು ನೀವಲ್ಲವಂತೆ?"

ಅವರು ಹಿಂದೆ ತಿರುಗದೆಯೇ ಹೇಳಿದರು: "ನಾನು ಒಪ್ಪಿಸ್ದೆ ಅಂತ ನಾನ್ಯಾವತ್ತು ಹೇಳ್ದೆ? ನೀನೇ ಅಂದ್ಕೊಂಡೆ. ವರ್ಷಕ್ಕೆ ಎರಡು ಸಲ ಹೊಗಳ್ತಿದ್ದೆ. ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ಭಾವ ನಗು ತಡೆಯಲಾರದೆ ಕಾರನ್ನು ಬದಿಗೆ ಹಾಕಿದರು. ಹಾಸನದಲ್ಲಿ ತಿಂಡಿಗೆ ನಿಂತಾಗ ನಮ್ಮ ಮನೆಯವರು ಯಾರೂ ಕೇಳದಿದ್ದರೂ ಅತ್ತಿಗೆಯ ತಟ್ಟೆಗೆ ತಮ್ಮ ವಡೆ ಎತ್ತಿ ಹಾಕಿದರು. ಅಕ್ಕ ಬೇಡವೆನ್ನಲಿಲ್ಲ. ಅದನ್ನು ಸಾಂಬಾರಿನಲ್ಲಿ ಅದ್ದಿಕೊಂಡು, ಹಡಗಿನವರ ವಡೆಗೆ ಉಪ್ಪೇ ಇರಲಿಲ್ಲವೆಂದು ಹೇಳಲು ಶುರು ಮಾಡಿದಳು.