ಕಾಕಾ ಕಲಿಸಿದ ಕ್ಲಚ್

ಕಳೆದ ವಾರ ಸಿಂದಗಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ದನದ ಹಿಂಡಿ ಚೀಲ ಹೇರಿಕೊಂಡ ಬೈಕೊಂದು ನನ್ನೆದುರಿನ ದಿಣ್ಣೆ ಹತ್ತಲಾರದೆ ಒದ್ದಾಡಿತು. ಸವಾರ ಕ್ಲಚ್ಚನ್ನು ಪೂರ್ತಿ ಬಿಡದೆ ಎಕ್ಸಿಲರೇಟರ್ ತಿರುವುತ್ತಲೇ ಇದ್ದ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಎದ್ದಿತು. ನನ್ನ ಬಸ್ಸು ಬಂದು, ನಿಂತು, ಹೋಯಿತು. ನಾನು ಹತ್ತಲಿಲ್ಲ...

ನಮ್ಮೂರು ಬಸವನ ಬಾಗೇವಾಡಿಯಲ್ಲಿ ಪಕ್ಕದ ಮನೆಯ ಕಾಕಾ ದನದ ಡಾಕ್ಟರಾಗಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ಬೈಕಿನಲ್ಲೇ ಅಡ್ಡಾಡುತ್ತಿದ್ದರು. ಅವರಿಗೂ ಅವರ ಹೆಂಡತಿ ಕಾಕೂಗೂ ಮಕ್ಕಳಿರಲಿಲ್ಲ. ನಾನು ಡಿಗ್ರಿ ಮುಗಿಸಿ, ಗಂಡು ನೋಡುವ ಮಾತುಗಳ ನಡುವೆ ಮನೆಯಲ್ಲಿ ಕುಳಿತಿದ್ದ ವರ್ಷ ಅದು. ಒಂದು ಬೆಳಿಗ್ಗೆ ಕಾಕಾ ನಮ್ಮ ಕಟ್ಟೆಗೆ ಬಂದು ಅಪ್ಪನಿಗೆ, "ಇಕಿಗೆ ನನ್ನ ಗಾಡಿ ಕಲಿಸ್ತೇನ್ರಿ" ಎಂದರು.

ಅಪ್ಪ ನಕ್ಕರು. "ಹೆಣ್ಮಕ್ಕಳಿಗೆ ಸ್ಕೂಟಿ ಸಾಕಲ್ರಿ."

"ಬ್ಯಾಡ್ರಿ, ಗೇರಿನ ಗಾಡೀನಽ ಕಲೀಲಿ."

ಆ ಮಾತಿನಲ್ಲಿ ಅವಸರವಿತ್ತು. ನನಗದು ಆಗ ಹೊಳೆಯಲಿಲ್ಲ. ಬೈಕ್ ಕಲಿಯುವ ಖುಷಿಯಲ್ಲಿದ್ದೆ.

ಸಂತೆಯಿಲ್ಲದ ದಿನ ಎಪಿಎಂಸಿ ಆವರಣ ಖಾಲಿ ಬಿದ್ದಿರುತ್ತಿತ್ತು. ಅಲ್ಲೇ ನನ್ನ ಪಾಠ. ಕ್ಲಚ್ ಒತ್ತಿ, ಗೇರ್ ಹಾಕಿ ಕೈ ಸಡಿಲಿಸಿದರೆ ಸಾಕು, ಗಾಡಿ ಬೆದರಿದ ಹೋರಿಯಂತೆ ಜಿಗಿದು ಬಂದ್ ಬೀಳುತ್ತಿತ್ತು. ಹೆದರಿ ಅರ್ಧ ಹಿಡಿದುಕೊಂಡರೆ ಆ ಸುಟ್ಟ ವಾಸನೆ. ಕಾಕಾ ಒಮ್ಮೆಯೂ ಸಿಟ್ಟಾಗಲಿಲ್ಲ.

"ಹೌರಗ ಬಿಡವಾ, ಹೌರಗ. ಆಕಳ ಹೊಟ್ಟಿಯಿಂದ ಕರಾ ತಗೀತೀವಲ್ಲ, ಹಂಗ. ಗಡಬಡ ಮಾಡಿದ್ರ ಆಕಳ, ಕರಾ ಎರಡೂ ಸಾಯ್ತಾವು."

ಕೊನೆಗೊಂದು ದಿನ ಗಾಡಿ ಜಿಗಿಯಲಿಲ್ಲ. ಮೆಲ್ಲಗೆ ಹೊರಟಿತು. ಆವರಣವನ್ನೆಲ್ಲ ಸುತ್ತಿ ಬಂದೆ. ಬೇವಿನ ಮರದ ಕೆಳಗೆ ಕಾಕಾ ಚಪ್ಪಾಳೆ ತಟ್ಟುತ್ತ ನಿಂತಿದ್ದರು. ಹತ್ತಿರ ಬಂದಾಗ ನೋಡಿದೆ: ಬಲಗೈಯೊಂದೇ ಬಡಿಯುತ್ತಿತ್ತು. ಎಡಗೈ ಸತ್ತದ್ದರಂತೆ ಸುಮ್ಮನೆ ಚಾಚಿಕೊಂಡಿತ್ತು.

"ಕಾಕಾ, ಕೈಗೆ ಏನಾಗೇತ್ರಿ?"

"ಕ್ಲಚ್ ಹಿಡಿಯಾಕ ಬರವಲ್ದವಾ. ಬೆರಳು ಮಾತ ಕೇಳವಲ್ವು. ಸೋಲಾಪುರದಾಗ ತೋರಿಸೇನಿ. ನರ ಒಣಗೂ ಬ್ಯಾನಿಯಂತ. ಔಷಧ ಇಲ್ಲಂತ." ಎಡಗೈಯನ್ನು ಬಲಗೈಯಿಂದ ಜೇಬಿಗಿಳಿಸಿ ಹೇಳಿದರು, "ನಿಮ್ಮ ಕಾಕೂಗ ಇಷ್ಟರಾಗ ಹೇಳಬ್ಯಾಡ."

ಅಂದಿನಿಂದ ಗಾಡಿ ನಾನು ಹೊಡೆಯತೊಡಗಿದೆ. ಕಾಕಾ ಔಷಧದ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂರುತ್ತಿದ್ದರು. "ಡಾಕ್ಟರು ಹೆಣ್ಮಗಳ ಹಿಂದ ಕುಂತಾರಲೇ" ಎಂದು ದಾರಿಯಲ್ಲಿ ಜನ ನಗುತ್ತಿದ್ದರು. "ಡ್ರೈವರ್ ಇಟ್ಟೇನ್ರೆಪಾ" ಎಂದು ಕಾಕಾನೂ ನಗುತ್ತಿದ್ದರು. ಆ ದಿನಗಳು ಹೀಗೇ ಸಾಗಬಹುದೆಂದು ನಾನು ನಂಬಿಬಿಟ್ಟಿದ್ದೆ...

ಮುಳವಾಡದಲ್ಲಿ ಒಂದು ಆಕಳು ಈಯಲಾರದೆ ಬಿದ್ದಿತ್ತು. ಕರು ಅಡ್ಡ ತಿರುಗಿತ್ತು. ಕಾಕಾ ಅಂಗಿ ಕಳಚಿ, ಬಲಗೈ ಒಳಗೆ ಹಾಕಿದರು. ಕರುವಿನ ಕಾಲು ಸಿಕ್ಕಿತು, ಅದಕ್ಕೆ ಹಗ್ಗದ ಕುಣಿಕೆ ಹಾಕಿದರು. ತಿರುಗಿಸಿ ಎಳೆಯಲು ಇನ್ನೊಂದು ಕೈ ಬೇಕಿತ್ತು. ಎಡಗೈಯಿಂದ ಹಗ್ಗ ಹಿಡಿಯಲು ನೋಡಿದರು, ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾನು ಎಳೆದೆ, ಮನೆಯವರು ಎಳೆದರು. ಮಧ್ಯಾಹ್ನದ ಹೊತ್ತಿಗೆ ಆಕಳು ಕತ್ತು ಚೆಲ್ಲಿತು. ಕರು ಒಳಗೇ ಸತ್ತಿತು.

"ಆತ್ ಬಿಡ್ರಿ ಡಾಕ್ಟರ, ನಮ್ಮ ನಸೀಬ" ಎಂದು ಮನೆಯ ಯಜಮಾನ ಕೈತೊಳೆಯಲು ನೀರು ಕೊಟ್ಟ.

ಕಾಕಾನನ್ನು ಹಿಂದೆ ಕೂರಿಸಿಕೊಂಡು ವಾಪಸು ಹೊರಟೆ. ದಾರಿಯ ನಡುವೆ ಅವರ ಹಣೆ ನನ್ನ ಬೆನ್ನಿಗೆ ಆತುಕೊಂಡಿತು. ಆಮೇಲೆ ಬೆನ್ನು ಒದ್ದೆಯಾಯಿತು. ನಾನು ಗಾಡಿ ನಿಲ್ಲಿಸಲಿಲ್ಲ.

ಮರುದಿನದಿಂದ ಅವರು ಗಾಡಿ ಹತ್ತಲಿಲ್ಲ. ಕಾಕೂಗೆ ಹೇಳುವ ಅಗತ್ಯವೇ ಬೀಳಲಿಲ್ಲ, ಬ್ಯಾನಿಯೇ ಹೇಳಿತು. ಬಲಗೈ ಹೋಯಿತು, ಕಾಲು ಹೋದವು, ನಾಲಿಗೆ ಹೋಯಿತು. ಕಾಕೂ ಗಂಜಿ ಕುಡಿಸಿದರೆ ಅದೂ ಇಳಿಯುತ್ತಿರಲಿಲ್ಲ. ಕಣ್ಣುಗಳು ಮಾತ್ರ ಎಲ್ಲವನ್ನೂ ತಿಳಿಯುತ್ತಿದ್ದವು. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಒಂದು ಸಂಜೆ, ಅವರಿಗೆ ಸಂತೋಷವಾದೀತೆಂದು, ಬೈಕನ್ನು ಅವರ ಕಿಟಕಿಯ ಕೆಳಗೆ ತಂದು ಚಾಲೂ ಮಾಡಿದೆ. ಕ್ಲಚ್ ಒತ್ತಿ ಗೇರ್ ಹಾಕಿ, ಹೌರಗ ಬಿಟ್ಟು, ಅಂಗಳದಲ್ಲಿ ಒಂದು ಸುತ್ತು ಹೊಡೆದೆ. ಒಳಗೆ ಹೋದಾಗ ಕಾಕಾ ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ನಾನು ಕರೆದೆ. ತಿರುಗಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಹೋದರು.

ಕಾಕೂ ಈಗ ಇಂಡಿ ಕಡೆಯ ಅಗರಖೇಡದಲ್ಲಿ, ತಂಗಿಯ ಮನೆಯಲ್ಲಿದ್ದಾರೆ. ನಾನು ಸಿಂದಗಿಯಲ್ಲಿ ಸಾಲಿ ಟೀಚರ್. ಕಳೆದ ವಾರ ಆ ಬಸ್ಸು ಹತ್ತದೆ ಬಿಟ್ಟ ಮೇಲೆ ಊರಿಗೆ ಹೋಗದೆ ಅವರನ್ನು ನೋಡಲು ಹೋದೆ. ಜೋಳ ಹಸನು ಮಾಡುತ್ತ ಕುಳಿತಿದ್ದರು. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ.

"ಕಾಕೂ, ಆವತ್ತು ಕಾಕಾ ಯಾಕ ಮುಖ ತಿರುವಿದ್ರು? ನನ್ನ ಮ್ಯಾಲೆ ಸಿಟ್ಟಿತ್ತೇನ್ರಿ?"

ಕಾಕೂ ಮೊರವನ್ನು ಕೆಳಗಿಟ್ಟರು.

"ಯಾರಿಗ್ಗೊತ್ತವಾ. ನಾನೂ ಆ ರಾತ್ರಿಯೆಲ್ಲ ಕೇಳಿದೆ. ಹೇಳಾಕ ಅವರಿಗೆ ಬಾಯಿ ಎಲ್ಲಿತ್ತು?"

ಮೊರದಲ್ಲಿ ಉಳಿದ ಜೋಳವನ್ನು ಇಬ್ಬರೂ ಕೂಡಿ ಹಸನು ಮಾಡಿದೆವು. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಬಂದೆ.