ಹೊಸ ಮೀನಿನ ನೀರಿನ ಬಣ್ಣ

ಮುಂಬಯಿಯಿಂದ ಬಸ್ಸಿನಲ್ಲಿ ಬಂದ ಥರ್ಮಾಕೋಲ್ ಪೆಟ್ಟಿಗೆ ಬಿಚ್ಚಿದಾಗ, ಚೀಲದೊಳಗಿನ ನೀಲಿ ಮೀನು ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ನನ್ನ ಹೆಂಡತಿ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಮೈಮ್ಯಾಲ ರವಾ ಉದುರಿಸಿದಂಗ ಐತ್ರಿ.”

ಆ ಬಿಳಿ ಚುಕ್ಕೆ ಏನು ಮಾಡಬಲ್ಲದೆಂದು ನಾನು ಕಣ್ಣಾರೆ ಕಂಡಿದ್ದೆ. ಧಾರವಾಡದಲ್ಲಿ ಕೋಚಿಂಗ್ ಕ್ಲಾಸು ನಡೆಸುವ ಗೆಳೆಯನೊಬ್ಬ ಹೊಸ ಮೀನನ್ನು ತಂದವನೇ ನೇರವಾಗಿ ದೊಡ್ಡ ಗಾಜಿನ ತೊಟ್ಟಿಗೆ ಬಿಟ್ಟಿದ್ದ. ಅದರ ಮೈಮೇಲಿನ ರೋಗ ಉಳಿದವಕ್ಕೂ ಹತ್ತಿ, ವರ್ಷಗಟ್ಟಲೆ ಸಾಕಿದ ಮೀನುಗಳೆಲ್ಲ ಒಂದೊಂದಾಗಿ ತೇಲಿದವು. ನಾನು ಹೋದಾಗ ಅವನು ಸತ್ತ ಮೀನಿನ ಬಕೆಟ್ ಹಿಡಿದುಕೊಂಡು ನಿಂತಿದ್ದ. ಆ ಕೋಣೆಯ ನಾತ ಬಹಳ ದಿನ ನನ್ನ ಮೂಗಿನಿಂದ ಹೋಗಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲೂ ಉಪ್ಪುನೀರಿನ ತೊಟ್ಟಿ ಇದೆ. ಅದರಲ್ಲಿ ಹವಳ, ಸಣ್ಣ ಬಸವನಹುಳುಗಳು, ನೋಡಿದವರೆಲ್ಲ ಕಿತ್ತಳೆ ಬಣ್ಣದವೆನ್ನುವ ಒಂದು ಜೋಡಿ ಮೀನು. ಹೊಸ ಮೀನು ಬಂದರೆ ಮೊದಲು ಹಿತ್ತಲಕೋಣೆಯಲ್ಲಿ ಬೇರೆಯಾಗಿಯೇ ಇಡುತ್ತೇನೆ. ಬರಿಗಾಜಿನ ಸಣ್ಣ ತೊಟ್ಟಿ, ಒಳಗೆ ಅಡಗಿಕೊಳ್ಳಲು ನನ್ನ ಹಾರ್ಡ್‌ವೇರ್ ಅಂಗಡಿಯಿಂದಲೇ ತಂದ ಪಿವಿಸಿ ಪೈಪಿನ ತುಂಡು. ಅದರ ಬಲೆ ಬೇರೆ, ಬಕೆಟ್ ಬೇರೆ, ಕೈ ಒರೆಸುವ ಅರಿವೆಯೂ ಬೇರೆ. ಚುಕ್ಕೆರೋಗಕ್ಕೆ ಹಾಕುವ ತಾಮ್ರದ ಔಷಧಿ ಮೀನನ್ನು ಉಳಿಸುತ್ತದೆ. ಆದರೆ ಹವಳಕ್ಕೆ, ಬಸವನಹುಳುವಿಗೆ ಅದು ವಿಷ. ಹಾಗಾಗಿ ಚಿಕಿತ್ಸೆ ಹೊರಗೇ ಆಗಬೇಕು.

ತೊಂದರೆ ಏನೆಂದರೆ, ಆ ಸಣ್ಣ ತೊಟ್ಟಿಯಲ್ಲಿ ಮೀನಿನ ಹೊಲಸೇ ಅಮೋನಿಯಾ ಆಗಿ ಅದನ್ನು ಕೊಲ್ಲಬಹುದು. ಅದಕ್ಕೆ ಆಗಾಗ ನೀರು ಪರೀಕ್ಷಿಸಬೇಕು. ತಾಮ್ರವನ್ನು ಅಂಕಿ ತೋರಿಸುವ ಯಂತ್ರದಿಂದ ಅಳೆಯುತ್ತಿದ್ದೆ. ಅಮೋನಿಯಾಕ್ಕೆ ಮಾತ್ರ ಗಾಜಿನ ನಳಿಕೆಯ ಬಣ್ಣ ನೋಡಬೇಕು: ಹಳದಿ ಇದ್ದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅಪಾಯ. ನನಗೆ ಎರಡೂ ಒಂದೇ.

ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗರಿಗೆ ರೈಲಿನ ಇಂಜಿನ್ ಓಡಿಸುವ ಆಸೆ ಇರುವುದೇನು ಹೊಸದಲ್ಲ. ನಾನು ರೈಲ್ವೆಯ ಲಿಖಿತ ಪರೀಕ್ಷೆ ಪಾಸಾಗಿದ್ದೆ. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣಬಣ್ಣದ ಚುಕ್ಕೆಗಳ ನಡುವಿನ ಅಂಕಿ ಓದಲು ಹೇಳಿದಾಗ ನನಗೆ ಬರೀ ಚುಕ್ಕೆಗಳೇ ಕಂಡವು. ಮನೆಗೆ ಬಂದು, ಕೆಲಸ ಸಿಗಲಿಲ್ಲವೆಂದಷ್ಟೇ ಹೇಳಿದೆ. ನಿಜ ಸಂಗತಿ ಮದುವೆಯಾದ ಮೇಲೆ ಹೆಂಡತಿಯೊಬ್ಬಳಿಗೇ ತಿಳಿದದ್ದು. ನಳಿಕೆ ನೋಡುವ ಕೆಲಸ ಅವಳದೇ ಆಗಿತ್ತು.

ಔಷಧಿ ಶುರುವಾಗಿ ಕೆಲವೇ ದಿನಕ್ಕೆ ಮುಗದ ಊರಿನ ತವರಿನಿಂದ ಅವಳಿಗೆ ಫೋನು ಬಂತು. ತಂಗಿಗೆ ಹೆರಿಗೆ ನೋವು. ಅವಳು ಹೊರಟುಹೋದಳು. ಮನೆಯಲ್ಲಿ ಉಳಿದವರು ನಾನು, ನನ್ನ ಅವ್ವ.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಗುಟುಕು ಗುಟುಕಾಗಿ ಉಸಿರು ಎಳೆಯುತ್ತಿತ್ತು. ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ರೋಗ ಕಿವಿರಿಗೆ ಏರಿದ್ದರೆ ಅದನ್ನು ತುಸು ಹೊತ್ತು ಸಿಹಿನೀರಿನಲ್ಲಿ ಮುಳುಗಿಸಬೇಕು. ಅಮೋನಿಯಾ ಏರಿದ್ದರೆ ಆ ಮುಳುಗಿನಲ್ಲೇ ಅದು ಸತ್ತೀತು. ಆಗ ಮಾಡಬೇಕಾದದ್ದು ನೀರು ಬದಲಿಸುವುದು. ಯಾವುದೆಂದು ಹೇಗೆ ತಿಳಿಯುವುದು? ನಳಿಕೆಗೆ ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ದ್ರಾವಣದ ಹನಿ ಹಾಕಿ ಅಲುಗಾಡಿಸಿದೆ. ಅವಸರದಲ್ಲಿ ಅರ್ಧ ನೀರು ಅಂಗಿಯ ಮೇಲೆ ಬಿತ್ತು. ಮತ್ತೆ ಮಾಡಿದೆ. ಫೋಟೋ ತೆಗೆದು ಹೆಂಡತಿಗೆ ಕಳಿಸಿ ಫೋನು ಹಚ್ಚಿದೆ.

“ಫೋಟೋದಾಗ ಒಮ್ಮೆ ಹಳದಿ ಅನಸ್ತೈತಿ, ಒಮ್ಮೆ ಹಸರ ಅನಸ್ತೈತ್ರಿ. ನಾ ಹೆಂಗ ಹೇಳ್ಲಿ? ಅತ್ತಿಯವರನ್ನ ಕೇಳ್ರಿ.”

“ಅವ್ವಗ ಬ್ಯಾಡ.”

“ಮೀನು ಸತ್ತ ಮ್ಯಾಲ ಕೇಳ್ತೀರೇನು?” ಅಂದಳು. ಹಿಂದಿನಿಂದ ಯಾರೋ ಕರೆದರು, ಫೋನು ಕಟ್ಟಾಯಿತು.

ಅವ್ವ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಳಿಕೆಯನ್ನು ಅವಳ ಮುಂದೆ ಹಿಡಿದಾಗ, ಮೀನಿಗಿಂತ ಹೆಚ್ಚಾಗಿ ಅವಳ ಮುಖ ನೋಡಲು ನನಗೆ ಅಂಜಿಕೆಯಾಯಿತು.

“ಅವ್ವಾ, ಇದು ಹಳದಿ ಐತೋ, ಹಸರ ಐತೋ?”

“ಹಸರ ಅಲ್ಲೇನೋ? ಎಳೀ ಬಾಳಿ ಎಲಿ ಇದ್ದಂಗ ಐತಿ.” ನಳಿಕೆಯಿಂದ ಕಣ್ಣೆತ್ತಿ ಕೇಳಿದಳು, “ನಿನಗ ಕಾಣವಲ್ದೇನು?”

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. “ನಿಮ್ಮ ಸ್ವಾದರಮಾವಗೂ ಹಿಂಗ ಇತ್ತು. ಹಣ್ಣ ಮೆಣಸಿನಕಾಯಿ ಹರಕೊಂಡ ಬಾ ಅಂದ್ರ ಹಸೇವೂ ಕೂಡಿಸಿ ತರ್ತಿದ್ದ. ನಮ್ಮಪ್ಪ ಬಡೀತಿದ್ದ. ನೀ ಸಣ್ಣಾಂವ ಇದ್ದಾಗಿಂದ ನನಗ ಅಂಜಿಕಿ. ಕೇಳಿದ್ರ ಖರೇ ಆಗಿಬಿಡ್ತೈತಿ ಅಂತ ಕೇಳಲೇ ಇಲ್ಲ.”

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ವಿಷಯಕ್ಕೆ, ಇಬ್ಬರೂ ಬೇರೆ ಬೇರೆಯಾಗಿ ಹೆದರಿಕೊಂಡು ಕೂತಿದ್ದೆವು.

“ಆತು, ಏಳು. ಈಗ ಏನ ಮಾಡಬೇಕು ಹೇಳು,” ಎಂದು ಅವಳೇ ಎದ್ದಳು.

ಡ್ರಮ್ಮಿನಲ್ಲಿ ಕಲಸಿಟ್ಟ ಉಪ್ಪುನೀರು ಇತ್ತು. ಅದಕ್ಕೆ ಲೆಕ್ಕ ಹಾಕಿ ತಾಮ್ರ ಬೆರೆಸಿದೆ. ಅವ್ವ ಸೀರೆಯ ಸೆರಗನ್ನು ಸಿಕ್ಕಿಸಿಕೊಂಡು ಪೈಪು ಹಿಡಿದಳು. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿದೆವು. ಮೀನು ಮೂಲೆಗೆ ಹೋಗಿ ಅಡ್ಡ ಮಲಗಿತು. ಸತ್ತೇಹೋಯಿತೆಂದುಕೊಂಡೆ. ಅವ್ವನ ಕಣ್ಣಿಗೂ ಪೊರೆಯ ಆಪರೇಷನ್ ಆಗಿತ್ತಲ್ಲ, ಅವಳು ಹೇಳಿದ್ದೇ ತಪ್ಪಿದ್ದರೆ? ಆ ಮಾತನ್ನು ಬಾಯಿಯವರೆಗೂ ತಂದು ನುಂಗಿದೆ. ಅಂಗಡಿಗೆ ಹೋಗದೆ ಅಲ್ಲಿಯೇ ಸ್ಟೂಲಿನ ಮೇಲೆ ಕೂತೆ. ಬಾಗಿಲಲ್ಲಿ ಅವ್ವ ನಿಂತಳು. ಹೊತ್ತು ಇಳಿಯುವ ಹೊತ್ತಿಗೆ ಕಿವಿರಿನ ಬಡಿತ ನಿಧಾನವಾಯಿತು. ಮೀನು ಮೆಲ್ಲಗೆ ಪಿವಿಸಿ ತುಂಡಿನೊಳಗೆ ತೂರಿಕೊಂಡಿತು.

ಹೆಂಡತಿ ಬರುವವರೆಗೆ ಬಣ್ಣ ಓದಿದವಳು ಅವ್ವ. “ಇವತ್ತ ಲಿಂಬಿಹಣ್ಣಿನಂಗ,” “ಇವತ್ತ ತುಸು ಹಸರ ಹಾಯ್ದೈತಿ,” ಎಂದು ಹೇಳುವಳು. ಅವಳ ಮಾತು ಬರುವ ತನಕ ನಾನು ನಳಿಕೆಯನ್ನು ಬೆಳಕಿಗೆ ಹಿಡಿದೇ ಇರುತ್ತಿದ್ದೆ.

ಔಷಧಿಯ ಕಾಲ ಮುಗಿಯಿತು. ಚುಕ್ಕೆಗಳು ಹೋದವು, ಮೀನು ತುತ್ತು ತಿನ್ನತೊಡಗಿತು. ಆಮೇಲೂ ಕೆಲವು ವಾರ ಔಷಧಿಯಿಲ್ಲದ ನೀರಿನಲ್ಲಿ ಇಟ್ಟು ಕಾದೆ. ಕೊನೆಗೊಂದು ಭಾನುವಾರ ಪಡಸಾಲೆಯ ತೊಟ್ಟಿಗೆ ಬಿಟ್ಟಾಗ ಹೆಂಡತಿ, ಅವ್ವ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ಹವಳದ ಸಂದಿಯಲ್ಲಿ ತಿರುಗಿ ಬಂದಾಗಲೆಲ್ಲ ಗಾಜಿಗೆ ಮುಖ ಹಚ್ಚಿ ಅದರ ಮೈಮೇಲೆ ಬಿಳಿ ಚುಕ್ಕೆ ಹುಡುಕುತ್ತಿದ್ದೆ. ಬಹಳ ದಿನ ಹಾಗೇ ಹುಡುಕಿದೆ. ಒಂದೂ ಕಾಣಲಿಲ್ಲ.